ಯಾತ್ರೆಯ ಬಸ್ಸಿನ ಮೇಲೊಂದು ಗುಡ್ಡದ ಸೈಕಲ್

ಮುದ್ದೇಬಿಹಾಳ

ಬಸ್ಸಿನಲ್ಲಿದ್ದವರೆಲ್ಲ ಕಾಶಿಗೂ ಅಲ್ಲಿಂದ ಮುಂದೆ ನೇಪಾಳದ ಪಶುಪತಿನಾಥನಿಗೂ ಹೊರಟಿದ್ದರು. ನಾನು ಮತ್ತು ನನ್ನ ಮಾವ ಹೊರಟಿದ್ದು ಸೈಕಲ್ ತರಲು. ಈ ವಿಷಯ ಬಸ್ಸಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಮಾವ ಎಂದರೆ ನನ್ನ ಗಂಡನ ತಂದೆ, ಶಿವಪ್ಪನವರು. ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದು ಸೈಕಲ್ ಅಂಗಡಿ. ನಾನು ಅದೇ ಊರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಆಟ ಕಲಿಸುವ ಟೀಚರು. ಮದುವೆಗೆ ಮುಂಚೆ ಬಿಜಾಪುರದ ಹಾಸ್ಟೆಲ್ಲಿನಲ್ಲಿದ್ದುಕೊಂಡು ರಸ್ತೆಯ ಮೇಲೆ ಸೈಕಲ್ ರೇಸು ಓಡಿಸಿದವಳು. ಮಗ ಹುಟ್ಟಿದ ಮೇಲೆ ಅದು ನಿಂತಿತ್ತು. ಆ ವರ್ಷ ನನ್ನ ಹಳೆಯ ಕೋಚ್ ಎಸ್‌ಟಿಡಿ ಬೂತಿಗೆ ಫೋನು ಮಾಡಿ ನನ್ನನ್ನು ಕರೆಸಿ, ಹೆಣ್ಣುಮಕ್ಕಳಿಗೂ ಗುಡ್ಡದ ಸೈಕಲ್ಲಿನ ಸ್ಪರ್ಧೆ ಶುರುವಾಗುತ್ತಿದೆ, ನಿನ್ನ ಕಾಲಿನಲ್ಲಿ ಇನ್ನೂ ಶಕ್ತಿ ಇದೆ, ಸೈಕಲ್ ಒಂದನ್ನು ಹೊಂದಿಸಿಕೋ ಎಂದರು. ನಾನು ಹೂಂ ಎಂದೆ. ಗುಡ್ಡ ಹೇಗಿರುತ್ತದೆಂದು ಸರಿಯಾಗಿ ನೋಡಿರದ ಹುಡುಗಿಯ ಹೂಂ ಅದು. ನನ್ನ ತವರು ಬಸವನ ಬಾಗೇವಾಡಿ. ನಾನು ಏರಿಳಿದ ಅತಿ ದೊಡ್ಡ ಎತ್ತರವೆಂದರೆ ಆಲಮಟ್ಟಿ ಅಣೆಕಟ್ಟಿನ ಪಕ್ಕದ ರಸ್ತೆ.

ಮಾವನಿಗೆ ಗುಡ್ಡದ ಸೈಕಲ್ಲಿನ ಹುಚ್ಚು ಹಿಡಿದದ್ದು ಬೇರೆ ದಾರಿಯಿಂದ. ಬಿಜಾಪುರದಿಂದ ಹಂಪಿಗೆ ಅಂಥ ಸೈಕಲ್ ಮೇಲೆ ಹೊರಟಿದ್ದ ಪರದೇಶಿಯೊಬ್ಬ ಹಿಂದಿನ ಬೇಸಗೆಯಲ್ಲಿ ಗಾಲಿಯ ಕಡ್ಡಿ ಮುರಿದುಕೊಂಡು ಅವರ ಅಂಗಡಿಗೆ ಬಂದಿದ್ದ. ನಮ್ಮ ಜಿಲ್ಲೆಯ ಇಂಡಿಯಲ್ಲಿ ಕೊಂಡ ಗಾಲಿ ಸಿಂದಗಿಯ ಸೈಕಲ್ಲಿಗೆ ಕೂರುತ್ತದೆ, ಬಾಗೇವಾಡಿಯ ಪೈಡಲ್ ಮುದ್ದೇಬಿಹಾಳದ ಸೈಕಲ್ಲಿಗೆ ಆಗುತ್ತದೆ. ಮಾವನ ಇಡೀ ಬದುಕು ಈ ನಂಬಿಕೆಯ ಮೇಲೆ ನಡೆದಿತ್ತು. ಆದರೆ ಅಂದು ಅಂಗಡಿಯ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದರೂ ಆ ಗಾಲಿಗೆ ಹೊಂದುವ ಒಂದು ಕಡ್ಡಿ ಸಿಗಲಿಲ್ಲ. ಆ ಮನುಷ್ಯ ಮಿರ್ಚಿಭಜಿ ತಿಂದು, ಕಣ್ಣೊರೆಸಿಕೊಂಡು, ಕಡ್ಡಿ ಇಲ್ಲದೆಯೇ ಹೊರಟುಹೋದ. ಹೋಗುವಾಗ, ಇಂಥ ಸೈಕಲ್ ನೋಡಬೇಕಾದರೆ ಕಾಠ್ಮಂಡುವಿಗೆ ಹೋಗಿ, ಪ್ರವಾಸಿಗರು ತಂದದ್ದನ್ನು ಅಲ್ಲೇ ಮಾರಿ ಹೋಗುತ್ತಾರೆ ಎಂದಿದ್ದ. ಆಮೇಲೆ ಬಹಳ ದಿನ ಮಾವ ಊಟದ ನಡುವೆ ಕೈ ನಿಲ್ಲಿಸಿ ಗೋಡೆ ನೋಡುತ್ತ ಕೂರುತ್ತಿದ್ದರು.

ಸಿಂದಗಿಯ ಗುರುಲಿಂಗಪ್ಪನವರು ಪ್ರತಿವರ್ಷ ಯಾತ್ರೆಯ ಬಸ್ಸು ಹೊರಡಿಸುವವರು. ಅವರಲ್ಲಿ ಎರಡು ಸೀಟು ಹಿಡಿಸಿ ಬಂದ ದಿನ ಮಾವ ನನಗೆ ಹೇಳಿದ್ದು ಇಷ್ಟೇ: "ತಂಗೀ, ನಾವೂ ಪಶುಪತಿನಾಥಗ ಹೊಂಟೇವಿ. ಯಾರರ ಕೇಳಿದ್ರ ಹಂಗ ಹೇಳು." ನನ್ನ ಗಂಡನಿಗೆ ಆಲಮಟ್ಟಿಯ ಕಾಲುವೆ ಕೆಲಸದಿಂದ ರಜೆ ಸಿಗಲಿಲ್ಲ. ಮಗನನ್ನು ತವರಿನಲ್ಲಿ ಬಿಟ್ಟೆ.

ಗಡಿಯಲ್ಲಿ

ದಿನಗಟ್ಟಲೆ ಬಸ್ಸಿನಲ್ಲಿ ಕೂತರೆ ನಿದ್ದೆಗೂ ಎಚ್ಚರಕ್ಕೂ ನಡುವಿನ ಗೆರೆ ಅಳಿಸಿಹೋಗುತ್ತದೆ. ಕಿಟಕಿಯಲ್ಲಿ ಜೋಳದ ಹೊಲ ಹೋಗಿ ಗೋಧಿ ಬಂತು, ಗೋಧಿ ಹೋಗಿ ಸಾಸಿವೆ ಬಂತು. ಅದ್ಯಾವುದೋ ಊರಿನ ಎಮ್ಮೆಗಳು ನನ್ನ ಕನಸಿನೊಳಗೇ ದಾಟಿಹೋದವು. ಪಕ್ಕದ ಸೀಟಿನ ನೀಲವ್ವ ಆಯಿ ಇಂಡಿ ಊರಿನವರು, ಎಪ್ಪತ್ತು ದಾಟಿದವರು. ಮಡಿಲಲ್ಲಿ ತಮ್ಮ ತೋಟದ ಲಿಂಬೆಹಣ್ಣಿನ ಗಂಟು. ಯಾರಿಗೆ ಹೊಟ್ಟೆ ತೊಳಸಿದರೂ ಒಂದು ಹಣ್ಣು ಹೋಗುತ್ತಿತ್ತು. ಬಸ್ಸಿನ ತುಂಬ ಆ ವಾಸನೆ ಇದ್ದುದರಿಂದ, ಉತ್ತರ ಭಾರತವೆಂದರೆ ನನಗೆ ಇಂದಿಗೂ ಇಂಡಿಯ ಲಿಂಬೆಯ ವಾಸನೆ.

ಗಡಿಯಲ್ಲಿ ಕಾವಲಿನವನೊಬ್ಬ ಮಾವನ ಕ್ಯಾನ್ವಾಸ್ ಚೀಲ ಎತ್ತಲು ಹೋಗಿ ಮುಗ್ಗರಿಸಿದ. ಇದರಲ್ಲೇನಿದೆ ಎಂದು ಕೇಳಿದ. ಪೂಜೆಯ ಪಾತ್ರೆಗಳಿರಬೇಕೆಂದು ಬಸ್ಸಿನವರೆಲ್ಲ ತಿಳಿದಿದ್ದರು. ಮಾವ ಮೆಲ್ಲಗೆ ಚೀಲ ಬಿಚ್ಚಿದರು. ಒಳಗೆ ಪೈಡಲ್ಲು, ಫ್ರೀವೀಲು, ಹ್ಯಾಂಡಲ್ಲಿನ ಬುಡಕ್ಕೆ ಹಾಕುವ ಉಕ್ಕಿನ ಬಟ್ಟಲುಗಳು, ಒಂದಿಷ್ಟು ಕಡ್ಡಿ, ನಟ್ಟು ತಿರುವುವ ಎರಡು ಪಾನಾ, ಎಲ್ಲ ಎಣ್ಣೆ ಸವರಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ್ದವು.

"ಇವು ಅಲ್ಲೀ ಸೈಕಲ್ಲಿಗೆ ಕೂಡತಾವೇನು ಅಂತ ನೋಡಬೇಕ್ರಿ," ಎಂದು ಮಾವ ಕಾವಲಿನವನಿಗೆ ಕನ್ನಡದಲ್ಲೇ ಹೇಳಿದರು. ಅವನು ಏನೆಂದು ತಿಳಿದನೋ, ಚೀಲಕ್ಕೆ ಕೈಮುಗಿದು ಬಿಟ್ಟುಬಿಟ್ಟ. ಆದರೆ ಗುಟ್ಟು ರಟ್ಟಾಗಿತ್ತು. ಗುರುಲಿಂಗಪ್ಪನವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಶಿವಪ್ಪಣ್ಣಾ, ನನ್ನ ಬಸ್ಸಿನ ಮ್ಯಾಲ ಗ್ಯಾಸಿನ ಸಿಲಿಂಡರ ಅದಾವು, ರೊಟ್ಟಿ ಚೀಲ ಅದಾವು, ಭಾಂಡೆ ಅದಾವು. ಸೈಕಲ್ಲಿಗಿ ಜಾಗಾ ಇಲ್ಲ, ಈಗ ಹೇಳೇನಿ ನೋಡ್ರಿ."

"ಹೋಗೂಮುಂದ ಇಲ್ಲ. ಬರೂಮುಂದ ರೊಟ್ಟಿ ಖಾಲಿ ಆಗಿರ್ತಾವಲ್ಲ," ಎಂದರು ಮಾವ.

ಗಡಿ ದಾಟಿದ ಮೇಲೆ ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಬೇಕೆಂದು ಯಾರೋ ಹೇಳಿದರು. ನಾನು ತಿರುಗಿಸಿದೆ. ಮಾವ ಒಪ್ಪಲಿಲ್ಲ. "ಇಷ್ಟ ಸಣ್ಣದಕ್ಕ ಯಾರ ಮುಳ್ಳ ತಿರುವತಾರ?" ಎಂದರು. ಹೀಗಾಗಿ ನೇಪಾಳದಲ್ಲಿದ್ದಷ್ಟು ದಿನವೂ ನಾವಿಬ್ಬರು ಪಕ್ಕಪಕ್ಕದಲ್ಲೇ ಬೇರೆಬೇರೆ ಹೊತ್ತಿನಲ್ಲಿ ನಡೆಯುತ್ತಿದ್ದೆವು.

ಕಾಠ್ಮಂಡು

ಪಶುಪತಿನಾಥನ ದರ್ಶನವಾಯಿತು. ಅದನ್ನು ಬರೆದವರು ಬೇಕಾದಷ್ಟು ಜನರಿದ್ದಾರೆ. ಅಲ್ಲಿ ಕರ್ನಾಟಕದಿಂದಲೇ ಹೋದ ಅರ್ಚಕರೊಬ್ಬರು ಕನ್ನಡದಲ್ಲಿ ಮಾತಾಡಿದ್ದಕ್ಕೆ ನೀಲವ್ವ ಆಯಿ ಅತ್ತದ್ದನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಬೆಳಗಿನ ಕಾಠ್ಮಂಡು ಇನ್ನೂ ಪೂರ್ತಿ ಎದ್ದಿರದವರ ಊರಿನಂತೆ ಕಾಣುತ್ತದೆ. ಮಂಜಿನಲ್ಲಿ ಮೊದಲು ಗಂಟೆಯ ದನಿ, ಆಮೇಲೆ ಗಂಟೆ, ಆಮೇಲೆ ಅದನ್ನು ಬಾರಿಸಿದ ಕೈ. ಹೆಂಗಸರು ಎಲೆಯ ದೊನ್ನೆಯಲ್ಲಿ ಒಂದು ಹೂವು, ನಾಲ್ಕು ಅಕ್ಕಿಕಾಳು ಇಟ್ಟು ಹೊಸ್ತಿಲ ಹೊರಗೆ ಬಿಡುತ್ತಾರೆ. ನಾವು ರಂಗೋಲಿ ದಾಟಿ ನಡೆಯುವ ಹಾಗೆ ಅಲ್ಲಿಯವರು ಅದನ್ನು ದಾಟಿ ನಡೆಯುತ್ತಾರೆ. ಬೀದಿಯ ನಡುವಿನ ಯಾವುದೋ ಕಲ್ಲಿಗೆ ಕುಂಕುಮ. ಸೈಕಲ್ ಮೇಲೆ ಹೋಗುವವನು ನಿಲ್ಲಿಸದೆ ಬಗ್ಗಿ ಅದನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಬಾಗೇವಾಡಿಯಲ್ಲಿ ಗುಡಿ ಬಂದಾಗ ಬಸ್ಸಿನೊಳಗಿಂದಲೇ ಕೈ ಎದೆಗೆ ಹೋಗುವುದು ನೆನಪಾಯಿತು. ಎದುರಾದವರೆಲ್ಲ ಊಟವಾಯಿತೇ ಎಂದು ಕೇಳುತ್ತಿದ್ದರು. ಆ ಒಂದು ಮಾತಿಗೆ ಮಾವ ಆ ಊರನ್ನು ಒಪ್ಪಿಕೊಂಡುಬಿಟ್ಟರು. "ನಮ್ಮಂಗ ಅದಾರ," ಎಂದರು.

ಕೇಳುತ್ತ ಕೇಳುತ್ತ ಗುಡ್ಡದ ಸೈಕಲ್ ಮಾರುವ ರತ್ನ ಎಂಬವನ ಅಂಗಡಿ ಸಿಕ್ಕಿತು. ಕೆತ್ತನೆಯ ಮರದ ಕಿಟಕಿಯ ಹಳೆಯ ಮನೆ, ಕೆಳಗೆ ಅಂಗಡಿ, ಮೇಲೆ ವಾಸ. ಛಾವಣಿಯ ಕೊಕ್ಕೆಗಳಿಗೆ ಸೈಕಲ್ಲುಗಳನ್ನು ನೇತುಹಾಕಿದ್ದ. ತಲೆಕೆಳಗಾಗಿ ಮಲಗಿದ ಬಾವಲಿಗಳ ಹಾಗೆ ಅವು ತೂಗುತ್ತಿದ್ದವು. ರತ್ನ ನನ್ನದೇ ವಯಸ್ಸಿನವನು, ಮಾತು ಕಡಿಮೆ, ನಗು ಜಾಸ್ತಿ. ಅವನ ಹಿಂದಿಯೂ ಅಷ್ಟಕ್ಕಷ್ಟೆ, ಮಾವನದೂ ಅಷ್ಟಕ್ಕಷ್ಟೆ. ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಮಾವನನ್ನು ಅವನು ಬುವಾ, ಅಂದರೆ ಅಪ್ಪ, ಎಂದು ಕರೆದ.

ನಮಗೆ ಆಗಬಹುದಾದ ಸೈಕಲ್ಲುಗಳು ಎರಡಿದ್ದವು. ಒಂದು ಹತ್ತು ಹನ್ನೆರಡು ವರ್ಷ ಹಿಂದಿನದು, ಉಕ್ಕಿನದು, ಯಾವನೋ ಪ್ರವಾಸಿ ಬಿಟ್ಟುಹೋದದ್ದು, ಹಸಿರು ಬಣ್ಣ ಅಲ್ಲಲ್ಲಿ ಕಿತ್ತಿತ್ತು. ಇನ್ನೊಂದು ಹೆಚ್ಚುಕಡಿಮೆ ಹೊಸದು, ಬೂದುಬಣ್ಣದ್ದು. ಅದರ ಮುಂದಿನ ಗಾಲಿಯನ್ನು ಹಿಡಿದ ಎರಡು ಕಾಲುಗಳು ಒತ್ತಿದರೆ ಒಳಗಿಳಿದು ಮತ್ತೆ ಮೇಲೇಳುತ್ತಿದ್ದವು. ಬ್ರೇಕು ಗಾಲಿಯ ಅಂಚಿಗೆ ಹಿಡಿಯುವುದಲ್ಲ. ಗಾಲಿಯ ನಡುವೆ ತಟ್ಟೆಯಂಥ ಡಿಸ್ಕು, ಅದನ್ನು ಹಿಡಿಯುವುದು. ಮಾವ ಅದರ ಮುಂದೆ ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕೂತರು.

ಆಮೇಲೆ ಚೀಲ ಬಿಚ್ಚಿದರು.

ಹಸಿರು ಸೈಕಲ್ಲಿನ ಹಿಂದಿನ ಗಾಲಿಗೆ ಮುದ್ದೇಬಿಹಾಳದ ಫ್ರೀವೀಲು ತಿರುಪಿನ ಮರೆ ಹಿಡಿದು ಸಲೀಸಾಗಿ ತಿರುಗಿ ಕೂತಿತು. "ಕುಂತು!" ಎಂದರು ಮಾವ. ಪೈಡಲ್ಲೂ ಕೂತಿತು. ಹ್ಯಾಂಡಲ್ಲಿನ ಬುಡದ ಬಟ್ಟಲು ಮಾತ್ರ ಸಡಿಲವಾಯಿತು. ಈ ಸೈಕಲ್ಲಿನ ಬಟ್ಟಲಿನ ಅಳತೆ ಬಂದದ್ದೇ ಕೆಲವು ವರ್ಷ, ಈಗ ಮಾಡುವವರಿಲ್ಲ, ಆದರೂ ಹೇಗೋ ಸಾಗಿಸಬಹುದು ಎಂದ ರತ್ನ. ಬೂದು ಸೈಕಲ್ಲಿಗೆ ಪೈಡಲ್ ಬಿಟ್ಟು ಚೀಲದ ಒಂದು ವಸ್ತುವೂ ಕೂರಲಿಲ್ಲ. ಕಡ್ಡಿ ದಪ್ಪವಾಯಿತು, ಫ್ರೀವೀಲು ತಿರುಗಿಸಿ ಕೂರಿಸಲು ಮರೆಯೇ ಇರಲಿಲ್ಲ, ಚೈನು ಅಗಲವಾಯಿತು, ಹ್ಯಾಂಡಲ್ಲಿನ ಬುಡದಲ್ಲಿ ಪಾನಾ ಹಾಕಲು ನಟ್ಟೇ ಇಲ್ಲ.

"ಇದರ ಸಾಮಾನಾದರೂ ಮುಂದೆ ಸಿಗುತ್ತವೋ?" ಎಂದು ನಾನು ರತ್ನನನ್ನು ಕೇಳಿದೆ.

"ಈಗ ಸಿಗುತ್ತವೆ, ದೀದಿ. ಹಿಂದೆ ಏಳು ಗೇರು ಇತ್ತು, ಎಂಟು ಮಾಡಿದರು, ಈಗ ಒಂಬತ್ತು. ಒಂದೊಂದು ಸಲವೂ ಚೈನು ಬೇರೆ. ನಾಳೆ ಗಾಲಿಯ ಅಳತೆಯನ್ನೇ ಬದಲಿಸಿದರೆ ನಾನೇನು ಮಾಡಲಿ?" ಅವನು ನಗುತ್ತಲೇ ಕೊಕ್ಕೆಗಳತ್ತ ಕೈ ತೋರಿಸಿದ. "ಇವಕ್ಕೆಲ್ಲ ಏನೂ ಆಗಿಲ್ಲ. ಸಾಮಾನು ಬರುವುದು ನಿಂತಿದೆ, ಅಷ್ಟೇ."

ಮಾವ ತಲೆಯೆತ್ತಿ ಆ ಸೈಕಲ್ಲುಗಳನ್ನು ಒಂದೊಂದಾಗಿ ನೋಡಿದರು.

"ಹಸರದ ತಗೊಳ್ಳೂಣು ತಂಗೀ," ಎಂದರು ಕೊನೆಗೆ. "ಕೆಟ್ರೂ ಅದು ನನ್ನ ಕೈಯಾಗ ಇರ್ತೈತಿ."

ನನ್ನ ಕಣ್ಣು ಬೂದುಬಣ್ಣದ ಮೇಲಿತ್ತು. ರತ್ನನಿಗೆ ಅದು ತಿಳಿಯಿತೆಂದು ಕಾಣುತ್ತದೆ. ನಾಳೆ ಮುಂಜಾನೆ ಎರಡನ್ನೂ ಗುಡ್ಡ ಹತ್ತಿಸಿ ನೋಡಿ, ಆಮೇಲೆ ಹೇಳಿ ಎಂದ.

ಕಾಡಿನ ದಾರಿ

ಊರಿನ ಪಕ್ಕದಲ್ಲೇ ಕಾಡು ತುಂಬಿದ ಗುಡ್ಡವಿದೆ. ಏರುವಾಗ ಬೂದು ಸೈಕಲ್ಲಿನ ಮೇಲೆ ನಾನು ಮುಂದಿದ್ದೆ, ರತ್ನ ತನ್ನ ಸೈಕಲ್ಲಿನಲ್ಲಿ ಜೊತೆಗಿದ್ದ. ಕೋಚ್ ಹೇಳಿದ್ದು ಸುಳ್ಳಲ್ಲ, ಕಾಲಿನಲ್ಲಿ ಶಕ್ತಿ ಇತ್ತು. ಮಾವ ಧೋತರದ ಅಂಚನ್ನು ಎತ್ತಿ ಸಿಕ್ಕಿಸಿಕೊಂಡು ಹಸಿರು ಸೈಕಲ್ಲನ್ನು ಅರ್ಧ ತುಳಿಯುತ್ತ ಅರ್ಧ ತಳ್ಳುತ್ತ ಬಂದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮರಗಳು ಹತ್ತಿರ ಬಂದು ನಮ್ಮ ಮುಖ ನೋಡಿ ಹಿಂದೆ ಸರಿಯುವಂತಿತ್ತು. ಎಲ್ಲಿಂದಲೋ ನೀರಿನ ಸದ್ದು. ನಮ್ಮ ಕರಿಮಣ್ಣಿನ ಬಯಲಿನಲ್ಲಿ ಎತ್ತ ತಿರುಗಿದರೂ ಆಕಾಶದ ಅಂಚಿನವರೆಗೆ ಕಾಣುತ್ತದೆ, ಯಾರು ಬರುತ್ತಿದ್ದಾರೆಂದು ಅರ್ಧ ಗಂಟೆ ಮೊದಲೇ ಗೊತ್ತಾಗುತ್ತದೆ. ಇಲ್ಲಿ ಮುಂದಿನ ತಿರುವಿನಲ್ಲಿ ಏನಿದೆಯೋ ತಿಳಿಯದು. ನನಗದು ಹಿತವಾಗಿತ್ತು.

ಮೇಲೆ ತಲುಪಿ ಚಹಾ ಕುಡಿಯುತ್ತ ನಿಂತಾಗ ಮಂಜು ಹರಿಯಿತು. ಉತ್ತರದಲ್ಲಿ ಬಿಳಿ ಮೋಡಗಳು ಸಾಲಾಗಿ ನಿಂತಿದ್ದವು. ಎಷ್ಟು ಹೊತ್ತಾದರೂ ಅವು ಕದಲಲಿಲ್ಲ.

"ಮೋಡ ಅಲ್ಲಾ ಅವು," ಎಂದರು ಮಾವ, ತಮಗೆ ತಾವೇ ಹೇಳಿಕೊಳ್ಳುವಂತೆ.

ಇಳಿಯುವಾಗ ಕೆಟ್ಟಿತು. ದಾರಿ ಕಾಲ ಕೆಳಗಿಂದ ಒಮ್ಮೆಲೇ ಜಾರಿಹೋದಂತಾಯಿತು. ಬದುಕಿಡೀ ನಾನು ಬ್ರೇಕನ್ನು ಪೂರ್ತಿ ಮುಷ್ಟಿಯಿಂದ ಹಿಡಿದವಳು. ನಮ್ಮ ಸೈಕಲ್ಲುಗಳು ಹಾಗೆ ಹಿಡಿದರೂ ನಾಲ್ಕು ಮಾರು ಹೋಗಿಯೇ ನಿಲ್ಲುತ್ತವೆ. ಇಲ್ಲಿ ಹಾಗೆ ಹಿಡಿದದ್ದೇ ತಡ, ಮುಂದಿನ ಗಾಲಿ ಅಲ್ಲೇ ಕಚ್ಚಿ ನಿಂತಿತು, ಹಿಂದಿನದು ಆಕಾಶಕ್ಕೆ ಎದ್ದಿತು, ನಾನು ಹ್ಯಾಂಡಲ್ ದಾಟಿ ಪೊದೆಯೊಳಗೆ ಬಿದ್ದೆ. ಮುಟ್ಟಿದರೆ ಉರಿಯುವ ತುರಿಕೆ ಗಿಡದ ಪೊದೆ. ಮೂಳೆ ಮುರಿಯಲಿಲ್ಲ, ಆದರೆ ಕೈ ಮುಖವೆಲ್ಲ ಉರಿ. ರತ್ನ, ಒಂದೇ ಬೆರಳಿನಿಂದ ಹಿಡಿಯಬೇಕು ದೀದಿ, ಎನ್ನುತ್ತಿದ್ದ. ನನಗೆ ಕೇಳಿಸುತ್ತಿರಲಿಲ್ಲ. ಮತ್ತೆ ಹತ್ತಲು ಹೋಗಿ ಇಳಿದುಬಿಟ್ಟೆ. ಇಡೀ ಗುಡ್ಡವನ್ನು ಸೈಕಲ್ ತಳ್ಳುತ್ತ ಇಳಿದೆ. ಮಾವ ನನ್ನ ಜೊತೆ ತಾವೂ ನಡೆದು ಬಂದರು.

ಸಂಜೆ ರತ್ನನ ಮನೆಯಲ್ಲಿ ಊಟ. ಅವನ ಹೆಂಡತಿ ಅನ್ನದ ಜೊತೆ ಕಡುಹಸಿರಿನ ಸಾರು ಬಡಿಸಿದಳು. ತುಂಬ ರುಚಿಯಾಗಿತ್ತು. ಯಾವ ಸೊಪ್ಪು ಎಂದು ಕೇಳಿದೆ. ಅವಳು ನನ್ನ ಬಾತ ಕೆನ್ನೆಯನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಬಿದ್ದದ್ದು ಅವರ ಊಟದ ಸೊಪ್ಪಿನ ಮೇಲಂತೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ವಸತಿಗೆ ಮರಳುವ ದಾರಿಯಲ್ಲಿ ಮಾವನಿಗೆ ಹೇಳಿದೆ: "ಮಾವಾರ, ಹಸರದ ತಗೊಳ್ರಿ. ನಾ ಊರಾಗ ಸಾಲಿಗಿ ಹೋಗಾಕ ಓಡಸ್ತೇನಿ. ಈ ಗುಡ್ಡದ ರೇಸು ನನಗ ಬ್ಯಾಡ್ರಿ."

ಮಾವ ತಿರುಗಿ ಕತ್ತಲಲ್ಲಿ ಗುಡ್ಡವಿದ್ದ ಕಡೆ ನೋಡಿದರು.

ರತ್ನನ ಅಂಗಡಿ

ಮರುದಿನ ಎದ್ದಾಗ ಮಾವ ಇರಲಿಲ್ಲ. ಪಶುಪತಿನಾಥನ ಗುಡಿಗೆ ಮತ್ತೊಮ್ಮೆ ಹೋಗಿರಬೇಕೆಂದರು ನೀಲವ್ವ ಆಯಿ. ನಾನು ಅಂಗಡಿಗೆ ಹೋದರೆ ಬಾಗಿಲು ಹಾಕಿತ್ತು. ರತ್ನನ ಹೆಂಡತಿ ಗುಡ್ಡದ ಕಡೆ ಕೈ ತೋರಿಸಿದಳು. ಮೆಟ್ಟಿಲ ಮೇಲೆ ಬಿಸಿಲಿಗೆ ಕೂತೆ. ಪಾರಿವಾಳಗಳು ಕೆಂಪು ಹೆಂಚಿನಿಂದ ಎದ್ದು, ಸುತ್ತು ಹಾಕಿ, ಮತ್ತೆ ಅಲ್ಲೇ ಕೂರುತ್ತಿದ್ದವು. ಎಷ್ಟು ಸಲವೋ. ಅರವತ್ತು ದಾಟಿದ ಮನುಷ್ಯ, ಗುಡ್ಡ, ಆ ಬ್ರೇಕು. ನನ್ನ ಗಂಡನಿಗೆ ಏನು ಹೇಳಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಬಂದರು. ಬೂದು ಸೈಕಲ್ಲಿನ ಮೇಲೆ ಮಾವ, ಹಿಂದೆ ರತ್ನ. ಮಾವನ ಧೋತರ ಮೊಣಕಾಲವರೆಗೆ ಕೆಸರು, ಟೊಪ್ಪಿಗೆ ಎಲ್ಲೋ ಬಿದ್ದುಹೋಗಿತ್ತು, ಬಿಳಿಗೂದಲು ನಿಂತಿತ್ತು. ಇಳಿದು ಸೈಕಲ್ಲನ್ನು ಗೋಡೆಗೆ ಒರಗಿಸಿ ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತರು.

"ಅಂಜಿಕಿ ಬಂತ್ರೀ ಮಾವಾರ?"

"ಭಾಳ ಬಂತು." ಧೋತರದ ಕೆಸರು ಕೊಡವಿದರು. "ಆದ್ರ ತಂಗೀ, ಅದು ನಿಲ್ಲು ಅಂದ್ರ ನಿಲ್ತೈತಿ. ನಲವತ್ತ ವರ್ಷ ಬ್ರೇಕ್ ಕಟ್ಟೇನಿ, ನಾ ಕಟ್ಟಿದ್ದು ಒಂದೂ ಹಂಗ ನಿಂತಿಲ್ಲ. ಮೊನ್ನಿ ನಾನು ನನ್ನ ಕೈ ನೋಡಿ ಗಾಡಿ ಆರಿಸಿದ್ನಿ. ಓಡಸಾಕಿ ನೀನ. ಬೂದೀದ ತಗೊಳ್ಳೂಣು."

"ನನಗ ಇಳ್ಯಾಕ ಬರಂಗಿಲ್ಲಲ್ರಿ."

"ಇವತ್ತ ಬರಂಗಿಲ್ಲ."

"ಇದು ಕೆಟ್ರ?"

"ಕೆಟ್ಟಾಗ ನೋಡೂಣು. ಕೆಡತೈತಿ ಅಂತ ಅಂಜಿ ಹಳೇದ ತುಳಿಯಾಕ ನಿನಗೇನು ನನ್ನಷ್ಟ ವಯಸ್ಸಾಗೇತೇನು?"

ಹಸಿರು ಸೈಕಲ್ ತಲೆಕೆಳಗಾಗಿ ತನ್ನ ಕೊಕ್ಕೆಗೆ ಮರಳಿತು. ಕ್ಯಾನ್ವಾಸ್ ಚೀಲವನ್ನು ಮಾವ ರತ್ನನ ಕೈಗಿತ್ತರು. ಹಳೆಯವುಗಳಲ್ಲಿ ಯಾವುದಕ್ಕಾದರೂ ಆದೀತು ಎಂದರು. ಉಳಿದ ಎರಡು ದಿನ, ಯಾತ್ರೆಯವರು ಗುಡಿಗಳನ್ನು ಸುತ್ತುತ್ತಿದ್ದಾಗ, ಮಾವ ಆ ಅಂಗಡಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬೂದು ಸೈಕಲ್ಲನ್ನು ಬಿಚ್ಚುವುದನ್ನೂ ಜೋಡಿಸುವುದನ್ನೂ ಕಲಿತರು. ಮೊದಲ ಸಲ ಜೋಡಿಸಿದಾಗ ವಾಶರಿನಂಥ ಒಂದು ಲೋಹದ ಬಳೆ ಕೈಯಲ್ಲೇ ಉಳಿಯಿತು. ರತ್ನ ನಗಲಿಲ್ಲ, ಮತ್ತೆ ಬಿಚ್ಚಿದ. ಡಿಸ್ಕಿನ ಬ್ರೇಕು ಕೊನೆಗೂ ಒಂದು ತಂತಿಯಿಂದಲೇ ಎಳೆಯುವುದೆಂದು ಗೊತ್ತಾದಾಗ ಮಾವ ಹಳೆಯ ಗೆಳೆಯನನ್ನು ಸಂತೆಯಲ್ಲಿ ಕಂಡವರಂತೆ ಹಿಗ್ಗಿದರು. ಪೇಟೆಯ ಗದ್ದಲದ ನಡುವೆ ಆ ಇಬ್ಬರು ಬಗ್ಗಿದ ತಲೆಗಳ ಸುತ್ತ ಮಾತ್ರ ನೀರಿನೊಳಗಿನಂಥ ಮೌನವಿತ್ತು.

ಇಳಿಜಾರು

ಊರಿಗೆ ಬಂದ ಮೇಲಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಚಳಿಗಾಲ ಸ್ಪರ್ಧೆಗೆ ಹೋದೆ. ಗೆಲ್ಲಲಿಲ್ಲ, ಆದರೆ ಒಂದು ಕಡೆಯೂ ಇಳಿದು ತಳ್ಳದೆ ಮುಗಿಸಿದೆ. ಕೆಲವೇ ವರ್ಷಗಳಲ್ಲಿ ರತ್ನ ಹೇಳಿದ ಹಾಗೆಯೇ ಗೇರುಗಳು ಹತ್ತಾದವು, ಗಾಲಿಗಳು ದೊಡ್ಡವಾದವು, ನನ್ನ ಸೈಕಲ್ಲಿನ ಸಾಮಾನು ಸಿಗುವುದು ಕಷ್ಟವಾಯಿತು. ಅದಕ್ಕಾಗಿ ಮಾವ ಒಂದು ದಿನವೂ ಕೊರಗಿದ್ದನ್ನು ನಾನು ನೋಡಲಿಲ್ಲ. ಆದರೆ ಆ ಪ್ರವಾಸ ನನ್ನ ಮನಸ್ಸಿನಲ್ಲಿ ಮುಗಿಯುವುದು ಊರಿನಲ್ಲಲ್ಲ, ಕಾಠ್ಮಂಡು ಬಿಟ್ಟ ಬೆಳಗ್ಗೆ.

ಸೈಕಲ್ಲನ್ನು ಹಗ್ಗದಿಂದ ಬಸ್ಸಿನ ಹಿಂದಿನ ಏಣಿಗೆ ಕಟ್ಟಿದ್ದರು. ಗುರುಲಿಂಗಪ್ಪನವರು ಗೊಣಗುತ್ತಲೇ ಒಂದು ಗಂಟು ತಾವೇ ಹಾಕಿದರು. ಊರು ದಾಟಿ ಕಣಿವೆಯ ಅಂಚಿಗೆ ಬಂದು, ಚಹಾಕ್ಕೆಂದು ಬಸ್ಸು ನಿಂತಿತು. ಅಲ್ಲಿಂದ ರಸ್ತೆ ಸುತ್ತಿ ಸುತ್ತಿ ಕೆಳಗೆ ಮೋಡದೊಳಗೆ ಇಳಿಯುತ್ತದೆ. ಅಂಚಿನಲ್ಲಿ ನಿಂತು ನೋಡಿದೆ. ಕೆಳಗಿನ ತಿರುವುಗಳಲ್ಲಿ ಲಾರಿಗಳು ಆಟಿಕೆಗಳಂತೆ ಮೆಲ್ಲಗೆ ಚಲಿಸುತ್ತಿದ್ದವು, ಸದ್ದೂ ಮೇಲೆ ಬರುತ್ತಿರಲಿಲ್ಲ. ಅಂಜಿಕೆ ಹಾಗೇ ಇತ್ತು. ಆದರೂ ಹೋಗಿ ಹೇಳಿದೆ:

"ಗುರುಲಿಂಗಪ್ಪ ಕಾಕಾರ, ಸೈಕಲ್ ಇಳಿಸಿ ಕೊಡ್ರಿ. ಕೆಳಗ ಹೊಳೀ ಮಟ ನಾ ಅದರ ಮ್ಯಾಲ ಬರ್ತೇನಿ."

"ಹುಚ್ಚ ಹಿಡದೈತೇನವ್ವಾ ನಿನಗ? ಬಿದ್ರ ನಿನ್ನ ಗಂಡಗ ಯಾರು ಜವಾಬು ಹೇಳಬೇಕು?" ಎಂದ ಅವರು ಮಾವನತ್ತ ತಿರುಗಿದರು. ಮಾವ ಆಗಲೇ ಹಗ್ಗ ಬಿಚ್ಚುತ್ತಿದ್ದರು. ಗಂಟು ಬಿಚ್ಚಲು ಬಹಳ ಹೊತ್ತಾಯಿತು.

ಮೊದಲ ತಿರುವಿನಲ್ಲಿ ಕಣ್ಣಿಗೆ ನೀರು ಬಂದು ಏನೂ ಕಾಣಲಿಲ್ಲ. ಎರಡನೆಯದರಲ್ಲಿ ಹಲ್ಲು ಕಚ್ಚಿದ್ದೆ. ಆಮೇಲೆ ಯಾವ ತಿರುವಿನಲ್ಲೋ ಕೈ ತಾನಾಗಿ ಸಡಿಲವಾಯಿತು. ಎಷ್ಟು ಬೇಕೋ ಅಷ್ಟೇ ಹಿಡಿದರೆ ಸೈಕಲ್ ಅಷ್ಟೇ ನಿಧಾನವಾಗುತ್ತಿತ್ತು, ಬಿಟ್ಟರೆ ಹರಿಯುತ್ತಿತ್ತು. ಮೋಡದೊಳಗೆ ಹೊಕ್ಕೆ. ಬೆಳ್ಳಗಿನ ತಂಪಿನಲ್ಲಿ ಗಾಲಿಯ ಗುಂಯ್‌ ದನಿಯೊಂದೇ. ಮನೆಗಳ ಜಗುಲಿಯಿಂದ ಯಾರೋ ಕೈ ಬೀಸಿದರು. ಒಬ್ಬಾಕೆ ಜೋಳದ ತೆನೆಗಳನ್ನು ನೇತುಹಾಕುತ್ತ ನಿಂತವಳು ತಿರುಗಿ ನೋಡಿದಳು. ಅವು ಮೆಕ್ಕೆಜೋಳದ ತೆನೆಗಳು, ನಮ್ಮ ಜೋಳವಲ್ಲ. ಅಷ್ಟು ವೇಗದಲ್ಲೂ ನನಗೆ ಅದು ಕಂಡಿತು. ಹಿಂದೆ ಎಲ್ಲೋ ನಮ್ಮ ಬಸ್ಸು. ಕಿಟಕಿಗಳಿಂದ ಹೆಂಗಸರು ಕೂಗುತ್ತಿದ್ದುದು ತಿರುವಿಗೊಮ್ಮೆ ಕೇಳಿಸುತ್ತಿತ್ತು, ಅದರಲ್ಲಿ ನೀಲವ್ವ ಆಯಿಯ ದನಿ ಎಲ್ಲಕ್ಕಿಂತ ಜೋರು: "ಹೋಗ ನನ್ನ ಮಗಳಾ, ಹೋಗ!" ಆಮೇಲೆ ಬಸ್ಸು ಲಾರಿಯೊಂದರ ಹಿಂದೆ ಸಿಕ್ಕಿಕೊಂಡಿತು. ಆ ದನಿಯೂ ನಿಂತಿತು.

ಹೊಳೆಯ ಸೇತುವೆಯ ಹತ್ತಿರ ಇಳಿದು ಬಸ್ಸಿಗಾಗಿ ಕಾಯುತ್ತ ನಿಂತೆ. ಆ ದೇಶದಲ್ಲಿ ನನ್ನ ಹೆಸರು ಗೊತ್ತಿದ್ದವರು ಯಾರೂ ಆಗ ನನ್ನ ಹತ್ತಿರ ಇರಲಿಲ್ಲ. ಯಾರ ಸೊಸೆಯೂ ಅಲ್ಲದ, ಯಾರ ತಾಯಿಯೂ ಅಲ್ಲದ ಒಂದಿಷ್ಟು ಹೊತ್ತು. ಕಲ್ಲುಗಳ ನಡುವೆ ಹಸಿರು ನೀರು ಓಡುತ್ತಿತ್ತು.

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಮಾವ ಇಳಿದರು. ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು, ಗಾಯವಿಲ್ಲವೆಂದು ಖಾತ್ರಿಯಾದ ಮೇಲೆ ಸೈಕಲ್ಲಿನ ಮುಂದೆ ಕೂತರು. ಎರಡು ದಿನ ಕಲಿತ ವಿದ್ಯೆಯನ್ನು ಪರೀಕ್ಷಿಸುವವರ ಗತ್ತಿನಲ್ಲಿ ಕೈ ಚಾಚಿ ಮುಂದಿನ ಡಿಸ್ಕನ್ನು ಮುಟ್ಟಿದರು.

"ಅಯ್ಯಯ್ಯೋ!"

ಅಷ್ಟು ದೂರ ಇಳಿದ ಡಿಸ್ಕು ಹಂಚಿನಂತೆ ಕಾದಿತ್ತು. ಮಾವ ಬೆರಳನ್ನು ಬಾಯಲ್ಲಿಟ್ಟುಕೊಂಡು ಎದ್ದರು, ನೀರಿನ ಕಡೆ ಓಡಿದರು. ನಾನೂ ಹಿಂದೆ ಓಡಿದೆ. ಕಲ್ಲಿನ ಮೇಲೆ ಕೂತು ಬೆರಳನ್ನು ಹೊಳೆಯಲ್ಲಿ ಅದ್ದಿದರು. ಹಿಮದ ನಾಡಿನ ನೀರು, ತಣ್ಣಗೆ ಕೊರೆಯುತ್ತಿತ್ತು. ಬೆರಳ ತುದಿಯಲ್ಲಿ ಸಣ್ಣ ಬೊಬ್ಬೆ ಏಳುತ್ತಿತ್ತು.

"ಭಾಳ ಉರ್ಯಾಕತ್ತೈತೇನ್ರಿ ಮಾವಾರ?"

ಅವರು ಬೆರಳನ್ನು ನೀರಿನಿಂದ ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖದ ತುಂಬ ನಗು ಹರಡಿತು.

"ಇದನ್ನ ರತ್ನ ಹೇಳಿದ್ದಿಲ್ಲ ನೋಡು," ಎಂದರು.